ಕರ್ಚಿಕಾಯಿ ಬಳ್ಳಿ: ಗುರುತು ಹಿಡಿಯಿರಿ, ಕಾಯಿ ಬಿಡಿಸಿರಿ, ಗಡ್ಡೆ ಮುಟ್ಟಬೇಡಿ

ವಿಜಯಪುರ, ಬಾಗಲಕೋಟೆ ಕಡೆಯ ಸಂತೆಗಳಲ್ಲಿ ಮಳೆಗಾಲದ ನಡುವೆ ಒಂದು ಸಣ್ಣ ಕಾಯಿ ಬರುತ್ತದೆ. ಕಡು ಹಸಿರು, ಮೈಮೇಲೆ ಏಣು ಏಣು ಗೆರೆ, ಎರಡೂ ತುದಿ ಚೂಪು. ಉದ್ದ ಎರಡು, ಎರಡೂವರೆ ಸೆಂಟಿಮೀಟರ್ ಅಷ್ಟೇ. ತರಕಾರಿ ಅಂಗಡಿಯ ದೊಡ್ಡ ಬುಟ್ಟಿಗಳಲ್ಲಿ ಇದು ಸಿಗುವುದು ಕಡಿಮೆ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ನೆಲದ ಮೇಲೆ ಚೀಲ ಹಾಸಿ, ಗುಂಪಿ ಗುಂಪಿಯಾಗಿ ಹಾಕಿಕೊಂಡು ಕೂತಿರುತ್ತಾರೆ. ಅದೇ ಕರ್ಚಿಕಾಯಿ. ಕೆಲವರು ಕರಚಿಕಾಯಿ ಎನ್ನುತ್ತಾರೆ. ಹಬ್ಬಕ್ಕೆ ಕರಿಯುವ ಸಿಹಿ ಕರ್ಚಿಕಾಯಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಕಹಿ.

ಇದನ್ನು ಯಾರೂ ಬಿತ್ತುವುದಿಲ್ಲ. ಹೊಲದಲ್ಲಿ ತಾನಾಗಿಯೇ ಏಳುವ ಬಳ್ಳಿ. ಹಾಗಲಕಾಯಿಯ ಸಂಬಂಧಿ. ಸಸ್ಯಶಾಸ್ತ್ರದವರು ಇದಕ್ಕೆ ಮೊಮೊರ್ಡಿಕಾ ಸಿಂಬಲೇರಿಯಾ ಎನ್ನುತ್ತಾರೆ. ಸೊಲ್ಲಾಪುರ ಕಡೆಯ ಮರಾಠಿಯಲ್ಲಿ ಕಡವಂಚಿ, ತೆಲುಗಿನಲ್ಲಿ ಕಾಸರಕಾಯ, ತಮಿಳಿನಲ್ಲಿ ಅತಲಕ್ಕಾಯ್. ಗಡಿ ಊರಿನ ಸಂತೆಗೆ ಹೋದರೆ ಈ ಹೆಸರುಗಳು ಉಪಯೋಗಕ್ಕೆ ಬರುತ್ತವೆ.

ಬಳ್ಳಿಯನ್ನು ಗುರುತು ಹಿಡಿಯುವುದು, ಕಾಯಿ ಬಿಡಿಸುವುದು, ಕಹಿ ಹದ ಮಾಡಿ ಪಲ್ಯ ಮಾಡುವುದು, ಬದುವಿನಲ್ಲಿ ಅಥವಾ ಹಿತ್ತಲಲ್ಲಿ ಉಳಿಸಿಕೊಳ್ಳುವುದು, ಇಷ್ಟನ್ನು ಒಂದೊಂದಾಗಿ ನೋಡೋಣ. ಆದರೆ ಮೊದಲು ಮಣ್ಣಿನ ಒಳಗೆ ಏನಿದೆ ಅನ್ನುವುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಉಳಿದದ್ದು ಯಾವುದೂ ಸರಿ ಹೋಗುವುದಿಲ್ಲ.

ಬಳ್ಳಿಯ ಜೀವ ಇರುವುದು ಗಡ್ಡೆಯಲ್ಲಿ

ನಮ್ಮ ಕಣ್ಣಿಗೆ ಕಾಣುವ ಬಳ್ಳಿ ನಾಲ್ಕೈದು ತಿಂಗಳಿನದು. ಮಳೆಗೆ ಚಿಗುರಿ, ಹೂ ಬಿಟ್ಟು, ಕಾಯಾಗಿ, ಚಳಿಗಾಲ ಬರುವಷ್ಟರಲ್ಲಿ ಒಣಗಿ ಹೋಗುತ್ತದೆ. ಆದರೆ ಗಿಡ ಸತ್ತಿರುವುದಿಲ್ಲ. ನೆಲದೊಳಗೆ ಗಡ್ಡೆ ಇರುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಾಗಲೂ ಗಡ್ಡೆ ಒಳಗೆ ಸುಮ್ನೆ ಇರುತ್ತದೆ. ಮತ್ತೆ ಜೂನ್ ಮೊದಲಿಗೆ ಮಿರಗದ (ಮೃಗಶಿರ) ಮಳೆ ಬಿದ್ದು ಮಣ್ಣು ಉಬ್ಬಿದಾಗ ಚಿಗುರು ಮೇಲೆ ಬರುತ್ತದೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್ ಮಳೆ. ಅದೂ ನಂಬುವ ಹಾಗಿಲ್ಲ. ಮಿರಗ ಚೆನ್ನಾಗಿ ಬಂದು ಆರಿದ್ರ ಕೈ ಕೊಡಬಹುದು, ಮುಂಗಾರು ಪೂರ್ತಿ ಹೋಗಿ ಹಸ್ತ, ಚಿತ್ತಿ ಸುರಿಯಬಹುದು. ಬೀಜವನ್ನೇ ನಂಬಿದ ಗಿಡಕ್ಕೆ ಇಂಥ ವರ್ಷ ಕಷ್ಟ. ಗಡ್ಡೆ ಇರುವ ಗಿಡಕ್ಕೆ ಅಷ್ಟು ಚಿಂತೆ ಇಲ್ಲ. ಒಂದು ವರ್ಷ ಕಾಯಿ ಬಿಡದಿದ್ದರೂ ಮುಂದಿನ ವರ್ಷ ನೋಡಿಕೊಳ್ಳುತ್ತದೆ. ಬರದ ವರ್ಷ ಬಿತ್ತಿದ್ದು ಕೈಗೆ ಬರದಿದ್ದರೂ ಬದುವಿನ ಮೇಲೆ ಕರ್ಚಿಕಾಯಿ ಸಿಗುವುದು ಇದೇ ಕಾರಣಕ್ಕೆ.

ಬೀಜದ ಕಥೆ ಬೇರೆ. ಬೀಜ ಸುಲಭವಾಗಿ ಮೊಳೆಯುವುದಿಲ್ಲ, ಮಣ್ಣಲ್ಲಿ ಬಹಳ ಕಾಲ ನಿದ್ದೆ ಮಾಡುತ್ತದೆ. ಹಾಗಾಗಿ ಒಂದು ಗಡ್ಡೆ ಕಿತ್ತರೆ ಅದರ ಜಾಗಕ್ಕೆ ಇನ್ನೊಂದು ಬಳ್ಳಿ ಬೇಗ ಬರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಎಲ್ಲಿ ಹುಡುಕಬೇಕು, ಯಾವಾಗ

ಎರೆ ಹೊಲ ಇದರ ತವರು. ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಯ ಕಪ್ಪು ನೆಲ, ಬಾಗಲಕೋಟೆ ಜಿಲ್ಲೆಯ ಹುನಗುಂದ, ಬೀಳಗಿ ಕಡೆಯ ಎರೆ, ಬೆಳಗಾವಿ ಜಿಲ್ಲೆಯಲ್ಲಾದರೆ ಪೂರ್ವದ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಡೆ ನೋಡಬೇಕು. ಬಾದಾಮಿಯ ಕೆಂಪು ಕಲ್ಲಿನ ಗುಡ್ಡದಲ್ಲಿ ಹುಡುಕಿ ಸುಸ್ತಾಗಬೇಡಿ. ಖಾನಾಪುರದ ಮಳೆ ಕಾಡಿನಲ್ಲೂ ಬೇಡ. ಅಲ್ಲಿ ಸಿಗುವುದು ಮಡಹಾಗಲ, ಅದು ಬೇರೆ ಬಳ್ಳಿ.

ಹಿಂಗಾರಿಗೆಂದು ಬಿಟ್ಟ ಹೊಲದಲ್ಲಿ ಬಿಳಿಜೋಳ, ಕಡಲೆ ಬಿತ್ತುವವರೆಗೆ ಮತ್ತೆ ಮತ್ತೆ ಹರಗುತ್ತಾರೆ. ಕುಂಟೆಗೆ ಸಿಕ್ಕಿ ಬಳ್ಳಿ ಕತ್ತರಿಸಿ ಹೋಗುತ್ತದೆ. ಗಡ್ಡೆ ಕೆಳಗೆ ಉಳಿದರೂ ಕಾಯಿ ಬಿಡಲು ಪುರುಸೊತ್ತು ಸಿಗುವುದಿಲ್ಲ. ಆದ್ದರಿಂದ ಮೂರು ಜಾಗ ನೋಡಿ. ಒಂದು, ಹೊಲದ ಬದು ಮತ್ತು ಒಡ್ಡು. ಎರಡು, ತೊಗರಿ ಹೊಲ. ಕೊನೆಯ ಎಡೆ ಹೊಡೆದ (ಸಾಲಿನ ನಡುವೆ ಕುಂಟೆ ಹಾಯಿಸಿ ಕಳೆ ತೆಗೆದ) ಮೇಲೆ ತೊಗರಿ ಸಾಲಿಗೆ ಯಾರೂ ಕೈ ಹಾಕುವುದಿಲ್ಲ, ಆಗ ಬಳ್ಳಿ ಸಾವಕಾಶ ಗಿಡ ಹತ್ತಿಕೊಳ್ಳುತ್ತದೆ. ಮೂರು, ವರ್ಷಗಟ್ಟಲೆ ಬೀಳು ಬಿದ್ದ ನೆಲ.

ಕಾರ ಹುಣ್ಣಿಮೆ ಹೊತ್ತಿಗೆ ಚಿಗುರು ಕಾಣಬಹುದು. ನಾಗರ ಪಂಚಮಿ ದಾಟಿದ ಮೇಲೆ ಹೂವು, ಕಾಯಿ ನೋಡಲು ಹೊರಡಿ. ಮಹಾನವಮಿಯಿಂದ ದೀಪಾವಳಿವರೆಗೆ ಒಳ್ಳೆಯ ಸುಗ್ಗಿ. ಮಳೆ ತಡವಾದರೆ ಇದೂ ಅಷ್ಟೇ ತಡ.

ಗುರುತು

ಕಾಂಡ ತೆಳು, ದಾರದ ಹಾಗೆ. ಎಲೆಯ ಬುಡದಲ್ಲಿ ಒಂಟಿ ಕುಡಿಬಳ್ಳಿ ಹೊರಟು ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತದೆ. ಕುಡಿಬಳ್ಳಿ ಕವಲೊಡೆಯುವುದಿಲ್ಲ, ಇದನ್ನು ನೆನಪಿಡಿ. ಎಲೆ ದುಂಡಗೆ, ಅಂಚಿನಲ್ಲಿ ಐದೋ ಏಳೋ ಮೂಲೆ. ಹಾಗಲದ ಎಲೆಯಂತೆ ಆಳವಾಗಿ ಸೀಳಿರುವುದಿಲ್ಲ.

ಹೂವು ಚಿಕ್ಕದು, ಐದು ದಳ, ಬಣ್ಣ ಬಿಳಿಯತ್ತ ವಾಲಿದ ತಿಳಿ ಹಳದಿ. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ಗಂಡು ಹೂಗಳು ಒಂದು ತೊಟ್ಟಿಗೆ ಎರಡರಿಂದ ಐದು ಗೊಂಚಲಾಗಿ ಬರುತ್ತವೆ. ಹೆಣ್ಣು ಹೂವು ಒಂಟಿ. ಅದರ ಕೆಳಗೆ ಪುಟ್ಟ ಕಾಯಿಯ ಆಕಾರ ಆಗಲೇ ಮೂಡಿರುತ್ತದೆ. ಮಡಹಾಗಲದಲ್ಲಿ ಹೀಗಲ್ಲ, ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಮನೆಯಲ್ಲಿ ಬೆಳೆಸುವವರಿಗೆ ಇದು ದೊಡ್ಡ ಅನುಕೂಲ. ಕರ್ಚಿಕಾಯಿಯ ಒಂದೇ ಬಳ್ಳಿ ಇದ್ದರೂ ಕಾಯಿ ಕಟ್ಟುತ್ತದೆ. ಆದರೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಿಸಲು ಜೇನು ಜಾತಿಯ ಹುಳ ಬೇಕೇ ಬೇಕು. ಹೂ ಬಿಡುವ ಹೊತ್ತಿನಲ್ಲಿ ತೊಗರಿಗೆ, ಹತ್ತಿಗೆ ವಿಷ ಹೊಡೆದರೆ ಬದುವಿನ ಬಳ್ಳಿಯಲ್ಲಿ ಹೂವು ಕಂಡರೂ ಕಾಯಿ ಕಾಣುವುದಿಲ್ಲ.

ಕಾಯಿಯ ಗುರುತು ಗೆರೆಗಳಲ್ಲಿದೆ. ಉದ್ದಕ್ಕೆ ಎಂಟು ಏಣು. ಮುಳ್ಳು ಇಲ್ಲ, ಹಾಗಲದ ಗಂಟುಗಳೂ ಇಲ್ಲ. ತೊಟ್ಟು ದಪ್ಪಗೆ, ತುಸು ಬಾಗಿರುತ್ತದೆ.

ಅದೇ ಹೊಲದಲ್ಲಿ ಬೇರೆ ಬಳ್ಳಿಗಳೂ ಇರುತ್ತವೆ. ಲಿಂಗತೊಂಡೆ ಕಾಯಿ ಗೋಲಿಯಂತೆ ಗುಂಡಗೆ, ಮೈಮೇಲೆ ಬಿಳಿ ಪಟ್ಟೆ, ಹಣ್ಣಾದರೆ ಕೆಂಪು. ಅದು ಅಡುಗೆಗೆ ಅಲ್ಲ. ಹಾವುಮೆಕ್ಕೆಯೂ ಗುಂಡಗೆ, ಅದರ ಗಾತ್ರ ಬಹಳ ದೊಡ್ಡದು, ಎಲೆ ಕಲ್ಲಂಗಡಿ ಎಲೆಯಂತೆ ಸೀಳಿರುತ್ತದೆ. ಅದನ್ನು ತಿಂದರೆ ಹೊಟ್ಟೆ ಕೆಟ್ಟು ಬೇಧಿ ಹಿಡಿಯುತ್ತದೆ. ಕಾಡು ತೊಂಡೆ ನುಣುಪು, ಹೂವು ಬೆಳ್ಳಗೆ. ಎಂಟು ಏಣು, ಎರಡೂ ಕಡೆ ಚೂಪು, ತಿಳಿ ಹಳದಿ ಹೂವು. ಈ ಮೂರೂ ಸೇರಿದ್ದರೆ ಮಾತ್ರ ಬಿಡಿಸಿ. ಅನುಮಾನ ಇದ್ದರೆ ಹೊಲದಲ್ಲಿ ಸದೆ ತೆಗೆಯುವ ಅಕ್ಕಂದಿರನ್ನು ಕೇಳಿ. ಈ ವಿಷಯದಲ್ಲಿ ಅವರಿಗಿಂತ ಬಲ್ಲವರು ಸಿಗುವುದು ಕಷ್ಟ. ಕಸ ತೆಗೆಯುತ್ತಲೇ ಉಡಿ ತುಂಬ ಕಾಯಿ ಬಿಡಿಸಿಕೊಂಡು ಸಂಜೆ ಮನೆಗೆ ಹೋಗುವವರು ಅವರೇ ಅಲ್ವಾ.

ಬಿಡಿಸುವಾಗ

ಮೊದಲು ಹೊಲದವರನ್ನು ಕೇಳಿ. ಕಾಯಿ ಕೊಡುವುದಿಲ್ಲ ಎನ್ನುವವರು ಕಡಿಮೆ. ಕೇಳಬೇಕಾದದ್ದು ಬೇರೆಯೇ ಇದೆ: ಎಣ್ಣೆ (ಕೀಟನಾಶಕ) ಹೊಡೆದು ಎಷ್ಟು ದಿನ ಆಯಿತು, ಏನು ಹೊಡೆದಿದ್ದೀರಿ? ಹತ್ತಿ ಹೊಲದ ಪಕ್ಕದ ಬಳ್ಳಿಯಾದರೆ ನಾನಂತೂ ಕಾಯಿ ಮುಟ್ಟುವುದಿಲ್ಲ. ತೊಳೆದರೆ ಹೋಗುತ್ತದೆ ಎನ್ನುವ ಮಾತು ನಂಬಬೇಡಿ.

ಎಳೆ ಕಾಯಿ ಬೇಕು. ಕಡು ಹಸಿರಿದ್ದು, ಉಗುರು ಒತ್ತಿದರೆ ಇಳಿಯಬೇಕು. ಬಣ್ಣ ಮಾಸಿ, ಮೈ ಗಡುಸಾಗಿದ್ದರೆ ಒಳಗೆ ಬೀಜ ಬಲಿತಿರುತ್ತದೆ. ಪಲ್ಯ ಮಾಡಿದರೆ ಹಲ್ಲಿಗೆ ಕಲ್ಲು ಸಿಕ್ಕಿದಂತೆ. ಅಂಥವನ್ನು ಬಳ್ಳಿಯಲ್ಲೇ ಬಿಡಿ. ಬಲಿತ ಕಾಯಿ ತಾನೇ ಬಿರಿದು ಬೀಜ ಚೆಲ್ಲುತ್ತದೆ. ಹತ್ತರಲ್ಲಿ ಎರಡು ಮೂರಾದರೂ ಹೀಗೆ ಬಿಟ್ಟರೆ ಒಳ್ಳೆಯದು. ಬೀಜ ನಿಧಾನಕ್ಕೆ ಮೊಳೆಯುವುದರಿಂದ ನೆಲದಲ್ಲಿ ಬೀಜದ ಗಂಟು ಇರಲೇಬೇಕು.

ತೊಟ್ಟಿನ ಸಮೇತ ಬಿಡಿಸಿ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದು ಕೈಯಲ್ಲಿ ಕಾಯಿ ಕೀಳಬೇಕು. ಕಾಂಡ ಬಹಳ ನಾಜೂಕು, ಎಳೆದರೆ ಬಳ್ಳಿಯೇ ಕೈಗೆ ಬರುತ್ತದೆ. ಮಳೆ ಬಂದ ಮರುದಿನ ಎರೆ ಹೊಲಕ್ಕೆ ಇಳಿಯುವುದು ಬೇಡ ಎಂದು ಬೇರೆ ಹೇಳಬೇಕಿಲ್ಲ. ಚಪ್ಪಲಿ ಹೊಲದಲ್ಲೇ ಉಳಿಯುತ್ತದೆ.

ಸಂತೆಯಲ್ಲಿ ಕೊಳ್ಳುವವರಿಗೂ ಇದೇ ಲೆಕ್ಕ. “ಯವ್ವಾ, ಇವತ್ತ ಹರಕೊಂಡ ಬಂದಿದ್ದೇನು?” ಎಂದು ಕೇಳಿ. ನಿನ್ನೆ ಮೊನ್ನೆಯದಾದರೆ ಗುಂಪಿಯಲ್ಲಿ ಒಂದೆರಡು ಕಾಯಿ ಬಾಯಿ ಬಿಟ್ಟಿರುತ್ತವೆ. ಹಾಗಲಕಾಯಿಗಿಂತ ದರ ಜಾಸ್ತಿ ಎನಿಸಬಹುದು. ಒಂದು ಕಿಲೋ ಆಗಲು ಎಷ್ಟು ಸಲ ಬಗ್ಗಬೇಕು ಎಂದು ಯೋಚಿಸಿದರೆ ಚೌಕಾಶಿ ಮಾಡುವ ಮನಸ್ಸು ಬರುವುದಿಲ್ಲ.

ಪಲ್ಯ

ತಂದ ದಿನವೇ ಮಾಡಿ. ಕರ್ಚಿಕಾಯಿಯ ದೊಡ್ಡ ತಾಪತ್ರಯ ಇದೇ, ಇಟ್ಟರೆ ಬಿರಿಯುತ್ತದೆ. ನೀರಿನಲ್ಲಿ ಬಹಳ ಹೊತ್ತು ನೆನೆಸಿಟ್ಟರೂ ಬಿರಿಯುತ್ತದೆ. ಬೇಗ ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿಕೊಳ್ಳಿ. ತೊಟ್ಟು, ತುದಿ ಎರಡನ್ನೂ ಚಿವುಟಿ ತೆಗೆಯಿರಿ. ತೀರಾ ಎಳೆಯವು ಇಡೀ ಇರಲಿ. ಉಳಿದವನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಹೆಚ್ಚುವಾಗ ಬೀಜ ಗಟ್ಟಿ ಎನಿಸಿದರೆ ಕೆದರಿ ತೆಗೆಯಿರಿ. ಇದೊಂದು ಕೆಲಸಕ್ಕೆ ಅರ್ಧ ತಾಸು ಹೋಗುತ್ತದೆ. ಮನೆಯವರೆಲ್ಲ ಕೂತು ಮಾಡುವ ಕೆಲಸ.

ಪಾವು (ಕಾಲು) ಕಿಲೋ ಕಾಯಿಗೆ ಎರಡು ಉಳ್ಳಾಗಡ್ಡಿ, ಏಳೆಂಟು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆ ಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಒಂದೂವರೆ ಚಮಚ ಮಸಾಲೆ ಖಾರ, ಮೂರು ಚಮಚ ಶೇಂಗಾ ಪುಡಿ, ಎರಡು ಚಮಚ ಗುರೆಳ್ಳು (ಹುಚ್ಚೆಳ್ಳು) ಪುಡಿ ಸಾಕು. ಎಣ್ಣೆಗೆ ಕೈ ಹಿಡಿಯಬೇಡಿ, ಮೂರು ದೊಡ್ಡ ಚಮಚವಾದರೂ ಬೇಕು.

ಹೆಚ್ಚಿದ ಹೋಳಿಗೆ ಉಪ್ಪು, ಚಿಟಿಕೆ ಅರಿಶಿನ ಹಚ್ಚಿ ಹದಿನೈದು ನಿಮಿಷ ಬಿಡಿ. ಬಿಟ್ಟ ನೀರನ್ನು ಮೆತ್ತಗೆ ಹಿಂಡಿ ಚೆಲ್ಲಿದರೆ ಕಹಿ ಸ್ವಲ್ಪ ಇಳಿಯುತ್ತದೆ. ಕುದಿಸಿ ನೀರು ಬಸಿಯುವವರೂ ಇದ್ದಾರೆ. ನನಗೆ ಅದು ಸರಿ ಬರುವುದಿಲ್ಲ. ಕಹಿಯ ಜೊತೆ ರುಚಿಯೂ ಬಸಿದು ಹೋಗುತ್ತದೆ, ಕಾಯಿ ಮೆತ್ತಗಾಗುತ್ತದೆ. ಕಹಿಯೇ ಬೇಡ ಎನ್ನುವವರು ಬದನೆಕಾಯಿ ಪಲ್ಯ ಮಾಡಿಕೊಳ್ಳಲಿ.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬರೀ ಕಾಯಿಯನ್ನೇ ಮೊದಲು ಹಾಕಿ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುಗಿಸುತ್ತ ಹುರಿಯಿರಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಮೈ ಸುಕ್ಕುಗಟ್ಟಬೇಕು. ಹದ ನಿಂತಿರುವುದು ಇಲ್ಲಿಯೇ. ಹುರಿದದ್ದು ಕಡಿಮೆಯಾದರೆ ಆಮೇಲೆ ಎಷ್ಟು ಬೆಲ್ಲ ಹಾಕಿದರೂ ಕಹಿ ನಾಲಿಗೆಗೆ ಒಗರೊಗರಾಗಿ ಹತ್ತುತ್ತದೆ. ಹುರಿದ ಕಾಯಿ ತೆಗೆದಿಟ್ಟು, ಅದೇ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಹಾಕಿ. ಉಳ್ಳಾಗಡ್ಡಿ ಕೆಂಪಗಾದ ಮೇಲೆ ಕಾಯಿ ಸೇರಿಸಿ. ಮಸಾಲೆ ಖಾರ ಹಾಕಿ ಒಮ್ಮೆ ಕೈಯಾಡಿಸಿ. ಹುಣಸೆ ರಸ, ಬೆಲ್ಲ ಹಾಕಿ, ಬೇಕಾದರೆ ಉಪ್ಪು ನೋಡಿಕೊಂಡು ಮುಚ್ಚಿ ಐದು ನಿಮಿಷ ಬೇಯಿಸಿ. ನೀರು ಇಂಗಿದ ಮೇಲೆ ಶೇಂಗಾ ಪುಡಿ, ಗುರೆಳ್ಳು ಪುಡಿ. ಪುಡಿ ಹಾಕಿದ ಮೇಲೆ ಜಾಸ್ತಿ ಹೊತ್ತು ಒಲೆಯ ಮೇಲೆ ಇಡಬೇಡಿ, ತಳ ಹಿಡಿಯುತ್ತದೆ.

ಸಜ್ಜೆ ರೊಟ್ಟಿ, ಬಿಸಿ ಜೋಳದ ರೊಟ್ಟಿ, ಕೆನೆ ಮೊಸರು. ಚಪಾತಿಗೆ ಯಾಕೋ ಹೊಂದುವುದಿಲ್ಲ. ಮರುದಿನ ಒಣಗಿದ ಕಟಕ ರೊಟ್ಟಿಗೆ ಇನ್ನೂ ಚೆನ್ನ.

ಔಷಧಿ ಎಂದು ತಿನ್ನುವವರಿಗೆ

ಸಕ್ಕರೆ ಕಾಯಿಲೆಗೆ ಕರ್ಚಿಕಾಯಿ ಒಳ್ಳೆಯದು ಎಂದು ನಮ್ಮ ಕಡೆ ಹಿಂದಿನಿಂದ ಹೇಳುತ್ತಾರೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಾಯಿಯ ಪುಡಿಯಿಂದ ರಕ್ತದ ಸಕ್ಕರೆ ಇಳಿದದ್ದೂ ಉಂಟು. ಅದರರ್ಥ ಮಾತ್ರೆ ಬಿಟ್ಟು ರಸ ಕುಡಿಯಬಹುದು ಎಂದಲ್ಲ. ಪಲ್ಯವಾಗಿ ತಿನ್ನಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಿನಾ ತಿನ್ನುವ ಯೋಚನೆ ಇದ್ದರೆ ಡಾಕ್ಟರಿಗೆ ಒಂದು ಮಾತು ಹೇಳಿ. ಎರಡೂ ಸೇರಿ ಸಕ್ಕರೆ ತೀರಾ ಇಳಿದರೆ ಅದೂ ಅಪಾಯವೇ.

ಗಡ್ಡೆಯ ವಿಷಯ ಇನ್ನೂ ಗಂಭೀರ. ಹಿಂದೆ ನಾಟಿ ಮದ್ದಿನಲ್ಲಿ ಇದನ್ನು ಗರ್ಭ ಇಳಿಸಲು ಬಳಸುತ್ತಿದ್ದರು. ಹಾಗಾಗಿ ಬಸುರಿಯರು ಗಡ್ಡೆಯ ಹತ್ತಿರವೂ ಹೋಗಬಾರದು, ಕಾಯಿಯನ್ನೂ ಆ ತಿಂಗಳುಗಳಲ್ಲಿ ಬಿಡುವುದೇ ಒಳ್ಳೆಯದು. ಬೇರೆಯವರಿಗೂ ಗಡ್ಡೆ ಆಹಾರವಲ್ಲ. ಯಾರಾದರೂ ಪುಡಿ ಮಾಡಿ ಮಾರುತ್ತಿದ್ದರೆ ಕೊಳ್ಳಬೇಡಿ. ಅದು ಮೈಗೂ ಕೆಟ್ಟದ್ದು, ಹೊಲದ ಬಳ್ಳಿಗೂ ಕೆಟ್ಟದ್ದು.

ಬದುವಿನಲ್ಲಿ ಉಳಿಸುವುದು, ಹಿತ್ತಲಲ್ಲಿ ನೆಡುವುದು

ಎತ್ತಿನ ಕುಂಟೆ ಮೇಲಿನ ಮಣ್ಣನ್ನಷ್ಟೇ ಹರಗುತ್ತಿತ್ತು. ಗಡ್ಡೆಗೆ ಅದರಿಂದ ದೊಡ್ಡ ತೊಂದರೆ ಇರಲಿಲ್ಲ. ಟ್ರ್ಯಾಕ್ಟರಿನ ನೇಗಿಲು ಆಳಕ್ಕೆ ಇಳಿದು ಗಡ್ಡೆಯನ್ನು ಮೇಲೆ ಎಸೆಯುತ್ತದೆ, ಬಿಸಿಲಿಗೆ ಅದು ಒಣಗುತ್ತದೆ. ಕಳೆನಾಶಕ ಎಲೆಯಿಂದ ಒಳಗಿಳಿದು ಗಡ್ಡೆಯನ್ನೇ ಕೊಲ್ಲಬಹುದು. ಕಾಲುವೆ ನೀರು ಬಂದ ಕಡೆ ಕಬ್ಬು ಬಂದಿದೆ, ಬದುಗಳೂ ಕಿರಿದಾಗಿವೆ. ಹೊಲವನ್ನು ಹಳೆಯ ಕಾಲಕ್ಕೆ ತಿರುಗಿಸಲು ಆಗುವುದಿಲ್ಲ. ಆದರೆ ಬದುವಿನ ಪಕ್ಕದ ಒಂದು ಮಾರು ಪಟ್ಟಿಯಲ್ಲಿ ಆಳ ಉಳುಮೆಯನ್ನೂ ಕಳೆನಾಶಕವನ್ನೂ ಬಿಟ್ಟರೆ ಬೆಳೆಗೆ ಅಂಥ ನಷ್ಟವೇನೂ ಇಲ್ಲ. ಆ ಪಟ್ಟಿಯ ಹೂವಿಗೆ ಬಂದ ಜೇನು ತೊಗರಿ ಹೂವಿಗೂ ಹೋಗುತ್ತದೆ.

ನೆಡಬೇಕೆಂದರೆ ಹೀಗೆ ಮಾಡಿ. ಬದುವಿನಲ್ಲಿ ಚೆನ್ನಾಗಿರುವ ಬಳ್ಳಿಯ ಗಡ್ಡೆ ಕೀಳಬೇಡಿ. ಯಾರದಾದರೂ ಹೊಲವನ್ನು ಹೇಗೂ ಆಳವಾಗಿ ಉಳುತ್ತಿದ್ದರೆ, ಪ್ಲಾಟ್ ಹಾಕಲು ಮಣ್ಣು ತೆಗೆಯುತ್ತಿದ್ದರೆ ಅಲ್ಲಿ ಮೇಲೆ ಬಿದ್ದ ಗಡ್ಡೆ ಆರಿಸಿಕೊಳ್ಳಿ. ಬಳ್ಳಿ ಒಣಗಿದ ಮೇಲೆ ಗಡ್ಡೆ ಕಂಡು ಹಿಡಿಯುವುದು ಕಷ್ಟ, ಆದ್ದರಿಂದ ದೀಪಾವಳಿಗೆ ಮುಂಚೆಯೇ ಅಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡಿಟ್ಟುಕೊಳ್ಳಿ. ಗಾಯವಾಗದ ಗಡ್ಡೆಯನ್ನು ನೆರಳಲ್ಲಿ ಒಣ ಮಣ್ಣಿನೊಳಗೆ ಇಟ್ಟು, ಮೇ ಕೊನೆಗೆ ನೆಡಿ. ಮೂರ್ನಾಲ್ಕು ಇಂಚು ಆಳ ಸಾಕು. ಮೊಳಕೆಯ ಮುಖ ಮೇಲಿರಲಿ.

ಮಣ್ಣು ಎರೆಯೇ ಇರಲಿ. ಕುಂಡದಲ್ಲಾದರೆ ಅಗಲಕ್ಕಿಂತ ಆಳ ಮುಖ್ಯ, ಒಂದು ಅಡಿಯಾದರೂ ಬೇಕು. ಎರೆ ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ, ತಳದಲ್ಲಿ ತೂತು ಸರಿಯಾಗಿರಲಿ. ಗೊಬ್ಬರ ಒಂದು ಬೊಗಸೆ ತಿಪ್ಪೆ ಗೊಬ್ಬರ, ಅಷ್ಟೇ. ಹತ್ತಲು ತೊಗರಿ ಕಟ್ಟಿಗೆ ನಾಲ್ಕು ಚುಚ್ಚಿದರೆ ಸಾಕು, ಚಪ್ಪರ ಬೇಡ. ಕುಂಬಳ ಜಾತಿಯ ಬಳ್ಳಿಗಳಿಗೆ ಬರುವ ಕೆಂಪು ಜೀರುಂಡೆ ಎಳೆ ಎಲೆ ಕಡಿಯಬಹುದು. ಬೆಳಗಿನ ತಂಪಲ್ಲಿ ಅವು ಮಂಕಾಗಿರುತ್ತವೆ, ಆಗ ಕೈಯಿಂದಲೇ ಹಿಡಿದು ಹಾಕಿ.

ಡಿಸೆಂಬರಿನಲ್ಲಿ ಬಳ್ಳಿ ಒಣಗುತ್ತದೆ. ಸತ್ತಿತು ಎಂದು ಕುಂಡ ಬೋರಲು ಹಾಕಬೇಡಿ, ನೀರೂ ಹಾಕಬೇಡಿ. ಒಣಗಿದ ಕುಂಡಕ್ಕೆ ದಿನಾ ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ. ಮಿರಗದವರೆಗೆ ಒಂದು ಮೂಲೆಯಲ್ಲಿ ಹಾಗೇ ಇರಲಿ. ಬೀಜ ಹಾಕಿ ನೋಡುವವರು ಒಂದೇ ಕಡೆ ಜಾಸ್ತಿ ಬೀಜ ಚೆಲ್ಲಿ ಮರೆತುಬಿಡಿ. ಎರಡನೇ ವರ್ಷ ಬಂದರೂ ಬರಬಹುದು.

ಬಾಳಕ

ಮಹಾನವಮಿ ಹೊತ್ತಿಗೆ ಕಾಯಿ ಜಾಸ್ತಿ ಸಿಗುತ್ತದೆ, ಮಳೆ ಹಿಂದೆ ಸರಿದು ಬಿಸಿಲೂ ಬಂದಿರುತ್ತದೆ. ಆಗ ಬಾಳಕ ಮಾಡಿಡಬಹುದು. ಎಳೆ ಕಾಯಿಗೆ ಉದ್ದಕ್ಕೆ ಸೀಳು ಹಾಕಿ. ಹುಳಿ ಮಜ್ಜಿಗೆಗೆ ಉಪ್ಪು, ಜೀರಿಗೆ ಪುಡಿ, ಸ್ವಲ್ಪ ಇಂಗು ಬೆರೆಸಿ ರಾತ್ರಿ ಅದರಲ್ಲಿ ಹಾಕಿಡಿ. ಬೆಳಗ್ಗೆ ತೆಗೆದು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ. ಮಜ್ಜಿಗೆ ಹೀರಿ ಮುಗಿಯುವವರೆಗೆ ಹೀಗೆ ಮಾಡಿ, ಆಮೇಲೆ ಮುರಿದರೆ ಲಟಕ್ಕೆನ್ನುವವರೆಗೆ ಒಣಗಿಸಿ. ಸ್ವಲ್ಪ ಹಸಿ ಉಳಿದರೂ ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ. ಕರಿಯುವಾಗ ಎಣ್ಣೆ ತೀರಾ ಕಾದಿರಬಾರದು. ಹಾಕಿದ ಕೂಡಲೇ ಉಬ್ಬುತ್ತದೆ, ಕಪ್ಪಾಗುವ ಮುಂಚೆ ತೆಗೆಯಿರಿ. ಅನ್ನ ಸಾರಿನ ಜೊತೆ ನಾಲ್ಕು ಕಾಯಿ ಸಾಕು, ಉಪ್ಪು ಜಾಸ್ತಿ ಇರುತ್ತದೆ.